ಬೆಂಗಳೂರು ನಗರದ ಕುಡಿಯುವ ನೀರು

ಬೆಂಗಳೂರು ಯಾವ ಮಹಾನದಿಯ ತೀರದಲ್ಲಿಯೂ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ದಿಣ್ಣೆಯ ಮೇಲಿರುವ ಈ ನಗರದಲ್ಲಿ ಸುರಿದ ಮಳೆಯು ಒಂದು ಪಾರ್ಶ್ವದಲ್ಲಿ ಅರ್ಕಾವತಿಗೂ ಮತ್ತೊಂದು ಪಾರ್ಶ್ವದಲ್ಲಿ ದಕ್ಷಿಣ ಪಿನಾಕಿನಿಗೂ ಹರಿದುಹೋಗುವುದು. ಆ ಹರಿವನ್ನು ತಡೆದು ನಿಲ್ಲಿಸುತ್ತಿದ್ದವು ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು. ಇವುಗಳನ್ನೂ ಬಾವಿಗಳನ್ನೂ ನಂಬಿಯೇ ಪೇಟೆಯ ಜನರು ಬಹುಕಾಲ ಬಾಳಿದರು.

1809ರಲ್ಲಿ ದಂಡು ಬಂದು ನೆಲೆಸಿದ ಮೇಲೆ ಜನಸಂಖ್ಯೆಯು ಏರತೊಡಗಿತು. 1876-78ರ ಘೋರ ಕ್ಷಾಮವು ಕೆರೆಗಳ ನೀರನ್ನೇ ನೆಚ್ಚಿದವರ ಪಾಡೇನೆಂಬುದನ್ನು ತೋರಿಸಿಕೊಟ್ಟಿತು. 1882ರಲ್ಲಿ ಸ್ಯಾಂಕಿ ಕೆರೆಯು ನಿರ್ಮಿತವಾದರೂ ಕೊರತೆ ನೀಗಲಿಲ್ಲ. ಕಡೆಗೆ ದಿವಾನ್ ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಅರ್ಕಾವತಿಯನ್ನು ಹೆಸರಘಟ್ಟದಲ್ಲಿ ತಡೆದು, ನೀರನ್ನು ಯಂತ್ರಗಳಿಂದ ಎತ್ತಿ, 1896ರಲ್ಲಿ ನಗರಕ್ಕೆ ಕೊಳಾಯಿಯ ಮೂಲಕ ಒದಗಿಸಲಾಯಿತು.

ಇಲ್ಲಿ ವಿಚಾರಪರರು ಗಮನಿಸತಕ್ಕ ಸಂಗತಿಯೊಂದುಂಟು. ಮನೆಯ ಬಾಗಿಲಿಗೆ ಕೊಳಾಯಿ ಬಂದೊಡನೆ ಕೆರೆಯು ಕುಡಿಯುವ ನೀರಿನ ಆಸರೆಯಾಗಿ ಉಳಿಯದೆ, ಮನೆ ಕಟ್ಟತಕ್ಕ ಬಯಲಿನಂತೆ ಕಾಣತೊಡಗಿತು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿತು. ಕರಗದ ವಿಧಿಗಳಿಗಾಗಿ ಒಂದು ಪುಟ್ಟ ಕೊಳವನ್ನು ಮಾತ್ರ ಉಳಿಸಿದರು. ಜನಸಂಖ್ಯೆಯ ಏರಿಕೆಯನ್ನಷ್ಟೇ ದೂರುವವರು ಈ ಮರೆವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಸರಘಟ್ಟವೂ ಸಾಲದಾಗಲು, 1933ರಲ್ಲಿ ಅರ್ಕಾವತಿ-ಕುಮುದ್ವತಿಗಳ ಸಂಗಮದ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಆದರೆ 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆಯು 1951ರ ವೇಳೆಗೆ ಸುಮಾರು 7.8 ಲಕ್ಷವಾಯಿತು. ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ! ಸಣ್ಣ ಹೊಳೆಗಳಿಂದ ತಣಿಯುವ ದಾಹವಲ್ಲವಿದು. 1974ರಿಂದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರಿನಷ್ಟು ಎತ್ತರಕ್ಕೆ, ವಿದ್ಯುಚ್ಛಕ್ತಿಯ ಬಲದಿಂದ ಏರಿಸಿ ತರಲಾಗುತ್ತಿದೆ.

ದಿಣ್ಣೆಯ ಎರಡು ಪಾರ್ಶ್ವಗಳ ಮಾತು ನ್ಯಾಯಸ್ಥಾನಕ್ಕೂ ಹೋಯಿತು. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದಲ್ಲಿದೆಯೆಂದು ಎಣಿಸಿ ನ್ಯಾಯಮಂಡಲಿಯು ನೀರನ್ನು ಗೊತ್ತುಮಾಡಿತ್ತು. ಬಾಯಾರಿಕೆಗೆ ಜಲಾನಯನದ ಗಡಿಯೆಲ್ಲಿಯದು? 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಎಣಿಕೆಯನ್ನು ಒಪ್ಪದೆ, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿ.ಎಂ.ಸಿ.ಯನ್ನು ಅಧಿಕವಾಗಿ ಕೊಟ್ಟಿತು.

ಅಷ್ಟರಲ್ಲಿ 2007ರಲ್ಲಿ 110 ಹಳ್ಳಿಗಳು ನಗರಕ್ಕೆ ಸೇರಿದ್ದವು. ಕೊಳಾಯಿ ತಲುಪದ ಅಲ್ಲಿಯ ಬಹುಮಂದಿಗೆ ಕೊಳವೆಬಾವಿಯೇ ಗತಿಯಾಗಿತ್ತು. 2024ರ ಬೇಸಗೆಯಲ್ಲಿ ಅಂತಹ ಬಾವಿಗಳು ಸಾವಿರಾರು ಸಂಖ್ಯೆಯಲ್ಲಿ ಬತ್ತಿ, ಜನರು ಟ್ಯಾಂಕರುಗಳ ದಾರಿ ಕಾಯುವಂತಾಯಿತು. ಈ ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ತರತಕ್ಕ ಕಾವೇರಿಯ ಐದನೆಯ ಹಂತವು ಆ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು.