ದ್ವಿಭಾಷಿಕತೆ ಮತ್ತು ಮರೆಗುಳಿ ಕಾಯಿಲೆ: ಭಾಷೆ, ಮಾತು ಹಾಗೂ ಅರಿವಿನ ಕುರಿತ ಅಂತರಶಿಸ್ತೀಯ ಸಂಶೋಧನೆ

ಪೀಠಿಕೆ

ನೆನಪು, ವಿವೇಚನೆ ಮತ್ತು ಮಾತಿನ ಶಕ್ತಿಯು ಕ್ರಮೇಣ ಕುಗ್ಗಿ, ದೈನಂದಿನ ವ್ಯವಹಾರಗಳಿಗೂ ಇತರರನ್ನು ಅವಲಂಬಿಸಬೇಕಾಗುವ ಸ್ಥಿತಿಯನ್ನು ಡಿಮೆನ್ಷಿಯಾ ಎಂದು ಕರೆಯಲಾಗುತ್ತದೆ. ಜನಸಾಮಾನ್ಯರಲ್ಲಿ ಇದು ಮರೆಗುಳಿ ಕಾಯಿಲೆ ಅಥವಾ ಅರಳು ಮರಳು ಎಂದು ಪರಿಚಿತವಾಗಿದೆ. ವಯಸ್ಸಾದ ಮೇಲೆ ಇದು ಸಹಜವೆಂಬ ಭಾವನೆ ವ್ಯಾಪಕವಾಗಿದ್ದರೂ, ಡಿಮೆನ್ಷಿಯಾ ಮಿದುಳಿನ ಕಾಯಿಲೆಗಳಿಂದ ಉಂಟಾಗುವುದೇ ಹೊರತು ಕೇವಲ ವಯಸ್ಸಿನಿಂದಲ್ಲ. ಆಲ್ಜೈಮರ್ಸ್ ಕಾಯಿಲೆಯು ಇದರ ಪ್ರಮುಖ ಕಾರಣವಾಗಿದೆ. ಸಂಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲದಿರುವುದರಿಂದ, ರೋಗಲಕ್ಷಣಗಳು ಕಾಣಿಸಿಕೊಳ್ಳುವುದನ್ನು ಕೆಲವು ವರ್ಷಗಳಷ್ಟಾದರೂ ಮುಂದೂಡುವ ಅಂಶಗಳು ಯಾವುವು ಎಂಬ ಪ್ರಶ್ನೆಗೆ ಮಹತ್ವವಿದೆ. ನಿತ್ಯಜೀವನದಲ್ಲಿ ಎರಡು ಭಾಷೆಗಳ ಬಳಕೆಯು ಅಂತಹ ಒಂದು ಅಂಶವಾಗಿರಬಹುದೆಂದು ನರವಿಜ್ಞಾನ, ಮನೋವಿಜ್ಞಾನ ಹಾಗೂ ಭಾಷಾವಿಜ್ಞಾನದ ತಜ್ಞರು ಒಟ್ಟಾಗಿ ಕೈಗೊಂಡ ಅಧ್ಯಯನಗಳು ಸೂಚಿಸಿವೆ.

ಟೊರಾಂಟೊದಿಂದ ಹೈದರಾಬಾದಿಗೆ

ಕೆನಡಾದ ಯಾರ್ಕ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಹೋದ್ಯೋಗಿಗಳು ಟೊರಾಂಟೊ ನಗರದ ಚಿಕಿತ್ಸಾಲಯವೊಂದರ 184 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ವರದಿಯನ್ನು ಪ್ರಕಟಿಸಿದರು. ಏಕಭಾಷಿಕರಿಗೆ ಹೋಲಿಸಿದಲ್ಲಿ ದ್ವಿಭಾಷಿಕರಲ್ಲಿ ರೋಗಲಕ್ಷಣಗಳು ಸುಮಾರು 4 ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಆದರೆ ಸದರಿ ದ್ವಿಭಾಷಿಕರಲ್ಲಿ ಬಹುತೇಕರು ಹೊರದೇಶಗಳಿಂದ ವಲಸೆ ಬಂದವರಾಗಿದ್ದರು. ದೂರದೇಶಕ್ಕೆ ಹೋಗಿ ನೆಲೆಸುವವರ ಆರೋಗ್ಯ ಮತ್ತು ಜೀವನಕ್ರಮ ಇತರರಿಗಿಂತ ಭಿನ್ನವಾಗಿರುವ ಸಾಧ್ಯತೆಯಿರುವುದರಿಂದ, ಕಂಡುಬಂದ ಅಂತರಕ್ಕೆ ಕಾರಣ ಭಾಷೆಯೋ ವಲಸೆಯೋ ಎಂಬ ಆಕ್ಷೇಪಣೆಗೆ ಆ ನಗರದ ಅಂಕಿಅಂಶಗಳಲ್ಲಿ ಉತ್ತರವಿರಲಿಲ್ಲ.

ಈ ಆಕ್ಷೇಪಣೆಗೆ ಉತ್ತರ ಹುಡುಕಲು ಹೈದರಾಬಾದ್ ನಗರವು ಸೂಕ್ತ ಸ್ಥಳವಾಗಿತ್ತು. ಇಲ್ಲಿ ತೆಲುಗು, ಉರ್ದು, ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಬಳಕೆಯಲ್ಲಿದ್ದು, ಎರಡನೆಯ ಭಾಷೆ ಕಲಿಯಲು ಊರು ಬಿಡಬೇಕಾದ ಅಗತ್ಯವಿರುವುದಿಲ್ಲ. ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ (ಇವರು ನಂತರದ ವರ್ಷಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿರುತ್ತಾರೆ), ಎಡಿನ್‌ಬರೋ ವಿಶ್ವವಿದ್ಯಾನಿಲಯದ ಥಾಮಸ್ ಬಾಕ್ ಹಾಗೂ ಇತರರು ಒಟ್ಟು 648 ರೋಗಿಗಳ ದಾಖಲೆಗಳನ್ನು ಅಧ್ಯಯನ ಮಾಡಿದರು. ಇವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲವರಾಗಿದ್ದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೋಗ ಆರಂಭವಾದ ಸರಾಸರಿ ವಯಸ್ಸು ಏಕಭಾಷಿಕರಲ್ಲಿ 61.1 ವರ್ಷ ಇದ್ದರೆ ದ್ವಿಭಾಷಿಕರಲ್ಲಿ 65.6 ವರ್ಷ ಇತ್ತು. ಅಂತರ ನಾಲ್ಕೂವರೆ ವರ್ಷ. ಶಿಕ್ಷಣ, ಲಿಂಗ, ಉದ್ಯೋಗ ಹಾಗೂ ನಗರ-ಗ್ರಾಮ ವಾಸದ ವ್ಯತ್ಯಾಸಗಳನ್ನು ಪರಿಗಣಿಸಿದ ನಂತರವೂ ಅಂತರ ಉಳಿಯಿತು. ಮೂರನೆಯ ಅಥವಾ ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ.

ಈ ಅಧ್ಯಯನದ ಅತ್ಯಂತ ಗಮನಾರ್ಹ ಅಂಶವೆಂದರೆ, ಓದುಬರಹ ಬಾರದ ರೋಗಿಗಳಲ್ಲಿಯೂ ಇದೇ ಅಂತರ ಕಂಡುಬಂದಿರುವುದು. ಶಾಲಾ ಶಿಕ್ಷಣವು ಮರೆಗುಳಿ ಕಾಯಿಲೆಯಿಂದ ಒಂದು ಮಟ್ಟಿನ ರಕ್ಷಣೆ ನೀಡುತ್ತದೆಂಬುದು ಮೊದಲೇ ತಿಳಿದಿದ್ದ ಸಂಗತಿ. ಶಾಲೆಯ ಮೆಟ್ಟಿಲು ಹತ್ತದೆ ಸಂತೆಯಲ್ಲಿ, ನೆರೆಮನೆಯಲ್ಲಿ, ಕೆಲಸದ ಸ್ಥಳದಲ್ಲಿ ಕಲಿತ ಭಾಷೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ಹೊಸ ಸಂಗತಿ. ಇಲ್ಲಿ ದ್ವಿಭಾಷಿಕರೆಂದರೆ ಎರಡೂ ಭಾಷೆಗಳನ್ನು ಓದಿ ಬರೆಯಬಲ್ಲವರೆಂದು ಅರ್ಥವಲ್ಲ. ಆಯಾ ಭಾಷೆಯವರೊಂದಿಗೆ ಅವರ ಭಾಷೆಯಲ್ಲಿಯೇ ವ್ಯವಹರಿಸಬಲ್ಲವರು ಎಂದಷ್ಟೇ ಪರಿಗಣಿಸಲಾಗಿದೆ.

ಸಂಭವನೀಯ ಕಾರಣ

ಎರಡು ಭಾಷೆ ಬಲ್ಲವರು ಒಂದರಲ್ಲಿ ಮಾತನಾಡುವಾಗ ಇನ್ನೊಂದು ಭಾಷೆ ಮಿದುಳಿನಲ್ಲಿ ಸುಮ್ಮನಿರುವುದಿಲ್ಲ. ಬೇಕಾದ ಪದವನ್ನು ಆರಿಸಿ, ಬೇಡದ್ದನ್ನು ತಡೆದು, ಎದುರಿಗಿರುವವರಿಗೆ ತಕ್ಕಂತೆ ಭಾಷೆ ಬದಲಿಸುವ ಕೆಲಸ ದಿನವಿಡೀ ನಡೆಯುತ್ತಿರುತ್ತದೆ. ಗಮನ ಮತ್ತು ನಿಯಂತ್ರಣದ ಈ ನಿರಂತರ ಅಭ್ಯಾಸದಿಂದ ಮಿದುಳಿಗೆ 'ಅರಿವಿನ ಮೀಸಲು' ದೊರೆಯುತ್ತದೆಂಬುದು ಸಂಶೋಧಕರ ಊಹೆ. ವ್ಯಾಪಾರ ಸಂಸ್ಥೆಯೊಂದರ ಮೀಸಲು ನಿಧಿಯು ನಷ್ಟವನ್ನು ತಡೆಯಲಾರದು, ಆದರೆ ನಷ್ಟದ ನಡುವೆಯೂ ವ್ಯವಹಾರ ಕೆಲಕಾಲ ನಡೆಯುವಂತೆ ಮಾಡುತ್ತದೆ, ಇದೂ ಹಾಗೆಯೇ. ಅಂದರೆ ದ್ವಿಭಾಷಿಕತೆಯು ಕಾಯಿಲೆಯನ್ನು ತಡೆಯುತ್ತದೆಂಬುದು ಈ ಊಹೆಯ ಅರ್ಥವಲ್ಲ.

ಪಾರ್ಶ್ವವಾಯುವಿಗೆ ತುತ್ತಾದ 608 ರೋಗಿಗಳ ಕುರಿತು ಹೈದರಾಬಾದಿನ ತಂಡವು 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಪಾರ್ಶ್ವವಾಯುವಿನ ನಂತರ ಅರಿವಿನ ಶಕ್ತಿ ಸಾಮಾನ್ಯ ಮಟ್ಟದಲ್ಲಿ ಉಳಿದವರ ಪ್ರಮಾಣ ದ್ವಿಭಾಷಿಕರಲ್ಲಿ ಶೇ. 40.5, ಏಕಭಾಷಿಕರಲ್ಲಿ ಶೇ. 19.6. ಆದರೆ ಮಾತಿನ ಶಕ್ತಿಗೇ ಧಕ್ಕೆಯಾಗುವ ಅಫೇಸಿಯಾ ತೊಂದರೆಯು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿತ್ತು. ಆದ್ದರಿಂದ ಪ್ರಯೋಜನವು ಭಾಷಾ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಗಮನ ಮತ್ತು ನಿಯಂತ್ರಣ ಶಕ್ತಿಗೆ ಸಂಬಂಧಿಸಿದ್ದೆಂದು ತರ್ಕಿಸಲಾಗಿದೆ.

ಭಿನ್ನಾಭಿಪ್ರಾಯ

ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ಆಗಿರುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ ಸ್ಪ್ಯಾನಿಷ್ ಭಾಷಿಕ ವಲಸಿಗ ವೃದ್ಧರನ್ನು ಅನೇಕ ವರ್ಷ ಅನುಸರಿಸಿ 2014ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಇಂಗ್ಲಿಷನ್ನೂ ಬಲ್ಲವರಿಗೆ ಕಾಯಿಲೆ ತಡವಾಗಿ ಬಂದುದು ಕಂಡುಬರಲಿಲ್ಲ. ಆಸ್ಪತ್ರೆಗೆ ಈಗಾಗಲೇ ಬಂದವರ ದಾಖಲೆಗಳನ್ನು ನೋಡುವುದಕ್ಕೂ, ಆರೋಗ್ಯವಂತರನ್ನು ವರ್ಷಾನುಗಟ್ಟಲೆ ಅನುಸರಿಸುವುದಕ್ಕೂ ವ್ಯತ್ಯಾಸವಿದೆ. ಮೊದಲ ವಿಧಾನದಲ್ಲಿ ಮರೆವು ಯಾವಾಗ ಆರಂಭವಾಯಿತೆಂಬುದನ್ನು ಮನೆಯವರ ನೆನಪಿನಿಂದಲೇ ತಿಳಿಯಬೇಕಾಗುತ್ತದೆ. ಎರಡನೆಯದು ಹೆಚ್ಚು ನಂಬಲರ್ಹ ವಿಧಾನವಾದರೂ, ನ್ಯೂಯಾರ್ಕಿನ ವಲಸಿಗರ ದ್ವಿಭಾಷಿಕತೆಯೂ ಹೈದರಾಬಾದಿನ ದ್ವಿಭಾಷಿಕತೆಯೂ ಒಂದೇ ಬಗೆಯದೆಂದು ಹೇಳಲಾಗದು.

ಪರೀಕ್ಷೆಯ ಭಾಷೆ

ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ ವಿಷಯ ಇದಾಗಿರುತ್ತದೆ. ರಾಜ್ಯದಲ್ಲಿ ಕನ್ನಡದೊಂದಿಗೆ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮುಂತಾದ ಮನೆಮಾತುಗಳಿವೆ. ನೆನಪಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಮೂಲತಃ ಇಂಗ್ಲಿಷ್ ಬಲ್ಲ, ಶಾಲೆ ಕಲಿತ ವೃದ್ಧರಿಗಾಗಿ ರಚಿತವಾದವು. ನೂರರಿಂದ ಏಳೇಳು ಕಳೆಯುವುದು, ವಾಕ್ಯ ಬರೆಯುವುದು, ನಿರ್ದಿಷ್ಟ ಅಕ್ಷರದಿಂದ ಆರಂಭವಾಗುವ ಪದಗಳನ್ನು ಹೇಳುವುದು ಇತ್ಯಾದಿ ಪ್ರಶ್ನೆಗಳಿಗೆ ಅನಕ್ಷರಸ್ಥ ವೃದ್ಧರು ಉತ್ತರಿಸದಿದ್ದಲ್ಲಿ ಅದು ಕಾಯಿಲೆಯ ಲಕ್ಷಣವಾಗುವುದಿಲ್ಲ. ಬರೀ ಅನುವಾದವೂ ಸಾಲದು. ಇಂಗ್ಲಿಷಿನಲ್ಲಿ 'ಪಿ' ಅಕ್ಷರದ ಪದಗಳನ್ನು ಕೇಳಿದಂತೆ ಕನ್ನಡದಲ್ಲಿ 'ಪ' ಕೇಳಿದರೆ, 'ಪಾತ್ರೆ', 'ಪುಸ್ತಕ' ಎಂದವರಿಗೆ ಅಂಕ ನೀಡಬೇಕೇ ಎಂಬ ಪ್ರಶ್ನೆ ಎದುರಾಗುತ್ತದೆ. ಇದನ್ನು ತೀರ್ಮಾನಿಸಲು ವೈದ್ಯರೊಬ್ಬರಿಂದಲೇ ಆಗದು. ಕನ್ನಡ ಲಿಪಿ ಮತ್ತು ಧ್ವನಿಗಳನ್ನು ಬಲ್ಲ ಭಾಷಾವಿಜ್ಞಾನಿಗಳೂ, ವಾಕ್ ತಜ್ಞರೂ ಬೇಕಾಗುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ತಜ್ಞರನ್ನು ತರಬೇತುಗೊಳಿಸುತ್ತಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳಂ ಈ 5 ಭಾಷೆಗಳಲ್ಲಿ ಪರೀಕ್ಷಾ ಸಾಧನವೊಂದನ್ನು ಸಿದ್ಧಪಡಿಸಲಾಗಿದೆ. ತುಳು, ಕೊಡವ, ಲಂಬಾಣಿ ಮನೆಮಾತಿನವರು ಈ ಪಟ್ಟಿಯಲ್ಲಿ ಸೇರಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

ಮನೆಯ ಹಿರಿಯರನ್ನು ನೆನಪಿನ ತಪಾಸಣೆಗೆ ಕರೆದೊಯ್ಯುವವರು ಅವರ ಮನೆಮಾತು, ಬಲ್ಲ ಇತರ ಭಾಷೆಗಳು, ಓದಿದ ತರಗತಿ ಹಾಗೂ ಹಿಂದಿನ ಉದ್ಯೋಗವನ್ನು ವೈದ್ಯರಿಗೆ ತಿಳಿಸತಕ್ಕದ್ದು. ಮಾತಿನ ನಡುವೆ ಎರಡು ಭಾಷೆ ಬೆರೆಸುವುದು ನಮ್ಮಲ್ಲಿ ವಾಡಿಕೆಯಾಗಿದ್ದು, ಅದೊಂದರಿಂದಲೇ ಆತಂಕಪಡಬೇಕಾಗಿಲ್ಲ. ಆದರೆ ಮೊದಲು ಹಾಗೆ ಮಾಡದಿದ್ದವರು, ಎದುರಿಗಿರುವವರಿಗೆ ತಿಳಿಯದ ಭಾಷೆಯಲ್ಲಿ ಪದೇ ಪದೇ ಮಾತನಾಡತೊಡಗಿದರೆ ಅದನ್ನು ವೈದ್ಯರ ಗಮನಕ್ಕೆ ತರುವುದು ಸೂಕ್ತ. ರೋಗಿಗೆ ಭಾಷೆ ಅರ್ಥವಾಗದಿದ್ದಲ್ಲಿ ಮನೆಯವರು ಪ್ರಶ್ನೆಯನ್ನು ಅನುವಾದಿಸಿ ಹೇಳಬಹುದು. ಆದರೆ ಉತ್ತರವನ್ನು ಸೂಚಿಸಬಾರದು.