ಆರು ಆಕ್ಸೊಲಾಟ್ಲ್‌ಗಳು ಮತ್ತು ಒಂದು ಸರೋವರದ ನೀರು

1864ರಲ್ಲಿ, ಮೂರನೇ ನೆಪೋಲಿಯನ್ನನ ಸೇನೆ ಮೆಕ್ಸಿಕೋದಲ್ಲಿ ಯುದ್ಧ ಮಾಡುತ್ತಿದ್ದ ಕಾಲದಲ್ಲಿ, ಅಲ್ಲಿಂದ ಪ್ಯಾರಿಸ್ಸಿಗೆ 34 ಜೀವಂತ ಆಕ್ಸೊಲಾಟ್ಲ್‌ಗಳು ಬಂದಿಳಿದವು. ತಲೆಯ ಎರಡೂ ಬದಿಗೆ ಗರಿಯಂಥ ಕಿವಿರು, ಸದಾ ಮುಗುಳ್ನಗುವಂಥ ಬಾಯಿ, ನಾಲ್ಕು ಪುಟ್ಟ ಕಾಲು. ನೋಡಿದವರು ಮೀನೆನ್ನುತ್ತಾರೆ, ಆದರೆ ಅದು ಕಪ್ಪೆಯ ದೂರದ ಬಂಧು, ಸಲಮಾಂಡರ್ ಜಾತಿಯದು. ಅವುಗಳಲ್ಲಿ ಆರು, ಅಂದರೆ ಐದು ಗಂಡು ಮತ್ತು ಒಂದು ಹೆಣ್ಣು, ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ಮ್ಯೂಸಿಯಂನಲ್ಲಿದ್ದ ಆಗುಸ್ತ್ ದ್ಯುಮೆರಿಲ್ ಎಂಬ ವಿಜ್ಞಾನಿಯ ಕೈಸೇರಿದವು. 1865ರ ಆರಂಭದಲ್ಲೇ ಆ ಒಂಟಿ ಹೆಣ್ಣು ಮೊಟ್ಟೆಯಿಟ್ಟಿತು. ಇವತ್ತು ಜಗತ್ತಿನ ಪ್ರಯೋಗಾಲಯಗಳಲ್ಲೂ ಮನೆಗಳ ಗಾಜಿನ ತೊಟ್ಟಿಗಳಲ್ಲೂ ಇರುವ ಬಹಳಷ್ಟು ಆಕ್ಸೊಲಾಟ್ಲ್‌ಗಳಿಗೆ ಆಕೆಯೇ ಮೂಲಜ್ಜಿ.

ದ್ಯುಮೆರಿಲ್‌ಗೆ ಅಚ್ಚರಿ ಕಾದಿದ್ದದ್ದು ಮುಂದೆ. ಅದೇ ವರ್ಷ ಕೆಲವು ಮರಿಗಳು ಕಿವಿರು ಕಳೆದುಕೊಂಡು, ನೆಲದ ಮೇಲೆ ಓಡಾಡುವ ಸಲಮಾಂಡರ್‌ಗಳಾಗಿಬಿಟ್ಟವು. ಹತ್ತು ವರ್ಷಗಳ ಬಳಿಕ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಾರಿ ಫಾನ್ ಶೋವಾಂ ಎಂಬಾಕೆ ತೊಟ್ಟಿಯ ನೀರನ್ನು ದಿನದಿನವೂ ಸ್ವಲ್ಪಸ್ವಲ್ಪ ಇಳಿಸುತ್ತ, ತಾಳ್ಮೆಯಿಂದ ಅವುಗಳನ್ನು ಹಾಗೆಯೇ ಬದಲಾಯಿಸಿ ತೋರಿಸಿದಳು. ನೀರು ಸಾಕಷ್ಟಿದ್ದರೆ ಈ ಪ್ರಾಣಿ ಸಾಮಾನ್ಯವಾಗಿ ಬಾಲ್ಯ ಬಿಡುವುದಿಲ್ಲ, ಮರಿಯ ರೂಪದಲ್ಲೇ ಮುದಿಯಾಗುತ್ತದೆ. ಹೆಸರಿನಲ್ಲೂ ನೀರೇ ಇದೆ: ಆಸ್ಟೆಕ್ ಜನರ ನಾವಾಟ್ಲ್ ಭಾಷೆಯಲ್ಲಿ 'ಆಟ್ಲ್' ಎಂದರೆ ನೀರು. ಸಾವಿಗೆ ಹೆದರಿ ಓಡಿದ ಶೋಲಾಟ್ಲ್ ಎಂಬ ದೇವರು ಕೊನೆಗೆ ನೀರಿಗಿಳಿದು ಈ ರೂಪ ತಳೆದನೆಂದು ಅವರ ಪುರಾಣ. ಅಲ್ಲಿಯೂ ಅವನನ್ನು ಬಿಡಲಿಲ್ಲ, ಹಿಡಿದು ಕೊಂದರು.

ತೊಟ್ಟಿಯ ನೀರಿನ ವಿಷಯಕ್ಕೆ ಬರುತ್ತೇನೆ. ಪುಣೆಯಲ್ಲಿ ನಾನಿರುವ ಕಟ್ಟಡದ ಮೇಲಿನ ಮಹಡಿಯ ಹುಡುಗನೊಬ್ಬ ಒಂದನ್ನು ಸಾಕಿದ್ದಾನೆ. (ಇದು ಅಂತರರಾಷ್ಟ್ರೀಯ ಸೈಟ್ಸ್ ಪಟ್ಟಿಯಲ್ಲಿರುವ ಪ್ರಾಣಿ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಾದ ತಿದ್ದುಪಡಿಯ ಪ್ರಕಾರ ಇಂಥವನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು.) ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ, 24 ದಾಟಿದರೆ ಸಂಕಟ. ನಮ್ಮ ಏಪ್ರಿಲ್‌ನಲ್ಲಿ ಚಿಲ್ಲರ್ ಇಲ್ಲದೆ ಇದು ಆಗದ ಮಾತು. ಬೇಸಿಗೆಯಲ್ಲಿ ನಮಗೆ ಅರ್ಧ ನಲ್ಲಿ ನೀರು, ಅರ್ಧ ಟ್ಯಾಂಕರ್ ನೀರು. ನಲ್ಲಿಯದರಲ್ಲಿ ಕ್ಲೋರಿನ್, ಟ್ಯಾಂಕರಿನದು ಯಾವ ಬೋರ್‌ವೆಲ್‌ನದೋ. ಹುಡುಗ ಪ್ರತಿ ವಾರ ಗಾಜಿನ ನಳಿಕೆಯಲ್ಲಿ ಹನಿ ಬೆರೆಸಿ ಬಣ್ಣ ನೋಡುತ್ತಾನೆ. ಅಮೋನಿಯಾ ಸೊನ್ನೆ ಇರಬೇಕು, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ ಮಾತ್ರ ಸ್ವಲ್ಪ ಇದ್ದರೆ ನಡೆಯುತ್ತದೆ.

ಈ ಬಣ್ಣದಾಟದ ಹಿಂದಿನ ವಿದ್ಯೆಯೂ ಪ್ಯಾರಿಸ್ಸಿನದೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಪ್ರಾಣಿಯ ಮಲ, ಕಿವಿರಿನ ಕಸ, ತಿನ್ನದೆ ಬಿಟ್ಟ ಎರೆಹುಳು ಎಲ್ಲವೂ ಅಮೋನಿಯಾ ಆಗುತ್ತವೆ. ಅದು ಕಿವಿರನ್ನು ಸುಡುವ ವಿಷ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಮೊದಮೊದಲು ಏನೂ ಬದಲಾಗಲಿಲ್ಲ. ಸುಮಾರು 20 ದಿನಗಳ ನಂತರ ಅಮೋನಿಯಾ ಹೋಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದಾಗ ಕೆಲಸ ನಿಂತಿತು. ಅಂದಮೇಲೆ ಕೆಲಸ ಮಾಡುತ್ತಿದ್ದದ್ದು ಜೀವಿಗಳು! 1890ರ ಹೊತ್ತಿಗೆ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದ. ಹೊಸ ತೊಟ್ಟಿಗೆ ಪ್ರಾಣಿ ಬಿಡುವ ಮುನ್ನ ಕೆಲವು ವಾರ ಫಿಲ್ಟರನ್ನು ಖಾಲಿ ಓಡಿಸಿ, ಅಮೋನಿಯಾ ಉಣಿಸಿ 'ಪಳಗಿಸಬೇಕು' ಎನ್ನುವುದು ಇದೇ ಕಾರಣಕ್ಕೆ. ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ನೀರಲ್ಲಿ ತೊಳೆದರೆ ಶುಚಿಯಾಗುತ್ತದೆ, ಆದರೆ ಕೆಲಸದಾಳುಗಳು ಸಾಯುತ್ತಾರೆ.

ಮೂಲ ಊರಿನ ಕತೆ ಏನಾಯಿತು? ಮೆಕ್ಸಿಕೋ ನಗರದ ದಕ್ಷಿಣಕ್ಕೆ ಶೋಚಿಮಿಲ್ಕೊ ಮತ್ತು ಚಾಲ್ಕೊ ಎಂಬ ಎರಡು ಸರೋವರಗಳಿದ್ದವು. ಪ್ರವಾಹಕ್ಕೆ ಹೆದರಿದ ಸ್ಪೇನಿನ ಆಡಳಿತ 1607ರಲ್ಲೇ ಆ ಕಣಿವೆಯ ನೀರನ್ನು ಹೊರಹಾಯಿಸಲು ಅಗೆತ ಶುರುಮಾಡಿತು. 1900ರಲ್ಲಿ ಪೋರ್ಫಿರಿಯೊ ದಿಯಾಸ್ ದೊಡ್ಡ ಕಾಲುವೆಯನ್ನು ಉದ್ಘಾಟಿಸಿದ. ಚಾಲ್ಕೊ ಬತ್ತಿತು. ಅದಾದ ಕೆಲವೇ ವರ್ಷಗಳಲ್ಲಿ ಶೋಚಿಮಿಲ್ಕೊದ ತಣ್ಣನೆಯ ಚಿಲುಮೆಗಳನ್ನು ನಗರಕ್ಕೆ ಕುಡಿಯಲು ಕೊಳವೆಗಳಲ್ಲಿ ಒಯ್ದರು. ಚಿಲುಮೆಗಳು ಬರಿದಾದ ಮೇಲೆ ಕಾಲುವೆಗಳಿಗೆ ನಗರವೇ ಮರಳಿಸಿದ್ದು ಸಂಸ್ಕರಿಸಿದ ಕೊಳಚೆ ನೀರು. ಒಳ್ಳೆಯ ನೀರು ಕೊಂಡು ಬಳಸಿದ್ದನ್ನು ವಾಪಸು ಕೊಡುವ ಈ ವ್ಯಾಪಾರ ಮಹಾನಗರಗಳಲ್ಲಿ ಬಾಳುವ ನಮಗೆ ಅಪರಿಚಿತವೇನಲ್ಲ. ಸಾಲದ್ದಕ್ಕೆ, ಜನರ ಆಹಾರಕ್ಕೆಂದು ಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು ಮೊಟ್ಟೆ ಮರಿಗಳನ್ನು ತಿಂದವು.

1998ರಲ್ಲಿ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಆಕ್ಸೊಲಾಟ್ಲ್‌ಗಳಿದ್ದವೆಂದು ಅಂದಾಜು. 2014ರ ಎಣಿಕೆಯಲ್ಲಿ 36. ಮನೆ ಬಿಟ್ಟವರ ಸಂತತಿ ಊರೂರುಗಳಲ್ಲಿ ಬೆಳೆದಿದೆ, ಮನೆಯಲ್ಲೇ ಉಳಿದವರು ಅಳಿಯುತ್ತಿದ್ದಾರೆ. ಮೆಕ್ಸಿಕೋ 2021ರಲ್ಲಿ ತನ್ನ 50 ಪೆಸೊ ನೋಟಿನ ಮೇಲೆ ಅದರ ಚಿತ್ರ ಅಚ್ಚುಹಾಕಿತು. ಚಿತ್ರ ಸೊಗಸಾಗಿದೆ, ಅಷ್ಟೇ.

ಹೆಚ್ಚಿನ ಕೆಲಸ ನಡೆದಿರುವುದು ಚಿನಾಂಪಗಳಲ್ಲಿ, ಅಂದರೆ ಸರೋವರದ ಕೆಸರೆತ್ತಿ ಕಟ್ಟಿದ ಹಳೆಯ ಹೊಲಗಳಲ್ಲಿ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತು ಸಂಗಡಿಗರು ರೈತರ ಜೊತೆ ಸೇರಿ, ಹೊಲಗಳ ನಡುವಿನ ಕಿರುಗಾಲುವೆಗಳ ಬಾಯಿಗೆ ಸರಳ ಶೋಧಕ ತಡೆಗಳನ್ನು ಕಟ್ಟಿದ್ದಾರೆ. ಮೀನು ಒಳಬರುವುದಿಲ್ಲ, ನೀರು ತಿಳಿಯಾಗುತ್ತದೆ. ರೈತರು ಅಲ್ಲಿ ರಾಸಾಯನಿಕ ಗೊಬ್ಬರ, ಕೀಟನಾಶಕ ಹಾಕುವುದಿಲ್ಲ. ಸೆರೆಯಲ್ಲಿ ಹುಟ್ಟಿದ 18 ಆಕ್ಸೊಲಾಟ್ಲ್‌ಗಳನ್ನು ಇಂಥದೊಂದು ಕಾಲುವೆಯಲ್ಲೂ ಹಳೆಯ ಕಲ್ಲುಗಣಿಯ ಕೊಳವೊಂದರಲ್ಲೂ ಬಿಟ್ಟು ಹಿಂಬಾಲಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ನಿಗಾ ಇಟ್ಟ ಅವಧಿಯುದ್ದಕ್ಕೂ ಅವು ಬದುಕಿದ್ದವು. ಮತ್ತೆ ಬಲೆಗೆ ಸಿಕ್ಕವು ತೂಕವನ್ನೂ ಹೆಚ್ಚಿಸಿಕೊಂಡಿದ್ದವು.