ಬಡ ನಕ್ಷತ್ರಗಳ ಚರಿತ್ರೆ

ನಿಮ್ಮ ಅಡುಗೆಮನೆಯ ಬಾಣಲೆಯ ಕಬ್ಬಿಣ ಎಂದೋ ಸತ್ತುಹೋದ ನಕ್ಷತ್ರಗಳಲ್ಲಿ ತಯಾರಾದದ್ದು ಎಂಬ ಮಾತನ್ನು ನೀವು ಕೇಳಿರಬಹುದು. ಈ ಮಾತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೆ ಮೊದಲು, ನಕ್ಷತ್ರಗಳೆಲ್ಲ ಒಂದೇ ಹದದ ಹಿಟ್ಟಿನಿಂದಾದವು, ಆ ಹಿಟ್ಟೂ ಹೆಚ್ಚುಕಡಿಮೆ ನಮ್ಮ ಭೂಮಿಯದೇ ಎಂದು ಪಂಡಿತರು ನಂಬಿದ್ದರು.

ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವರು ಸಿಸಿಲಿಯಾ ಪೇನ್. ಕಲ್ಕತ್ತೆಯ ಮೇಘನಾದ ಸಹಾ 1920ರಲ್ಲಿ ಪ್ರಕಟಿಸಿದ ಸೂತ್ರವನ್ನು ಹಿಡಿದು, ನಕ್ಷತ್ರಗಳ ಬೆಳಕನ್ನು ಒಡೆದಾಗ ಸಿಗುವ ಬಣ್ಣದ ಪಟ್ಟಿಯನ್ನು, ಅಂದರೆ ರೋಹಿತವನ್ನು, ಆಕೆ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಕುಳಿತು ಲೆಕ್ಕಹಾಕಿದರು. ಉತ್ತರ ಬಂದದ್ದು ಬಹುಪಾಲು ಜಲಜನಕವೆಂದು! ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. 1925ರ ತಮ್ಮ ಪ್ರಬಂಧದಲ್ಲಿ ಆಕೆ, ಈ ಅಂಕಿ ಬಹುಶಃ ನಿಜವಲ್ಲವೆಂದು ತಾವೇ ಬರೆಯಬೇಕಾಯಿತು. ನಾಲ್ಕು ವರ್ಷಗಳ ನಂತರ ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದರು.

ಎರಡನೆಯ ಪೆಟ್ಟು ಬಿದ್ದದ್ದು 1951ರಲ್ಲಿ. ಜೋಸೆಫ್ ಚೇಂಬರ್ಲೇನ್ ಮತ್ತು ಲಾರೆನ್ಸ್ ಆಲರ್ ಎಂಬಿಬ್ಬರು ಎರಡು ಮಂಕು ನಕ್ಷತ್ರಗಳನ್ನು ಪರೀಕ್ಷಿಸಿದರು. ಒಂದು ಮೇಷದಲ್ಲಿದೆ, ಇನ್ನೊಂದು ತುಲಾದಲ್ಲಿದೆ. ಇವುಗಳ ರೋಹಿತದಲ್ಲಿ ಲೋಹದ ಗೆರೆಗಳು ತೀರ ಸಣ್ಣವು. ನಕ್ಷತ್ರ ಬಹಳ ಬಿಸಿಯಾಗಿದ್ದರೂ ಗೆರೆಗಳು ಹಾಗೆಯೇ ಸಣ್ಣಗಾಗುತ್ತವೆ; ಆದ್ದರಿಂದ ಇವನ್ನು ಬಿಸಿ ನಕ್ಷತ್ರಗಳ ಸಾಲಿಗೆ ಸೇರಿಸಿ ಎಲ್ಲರೂ ಸುಮ್ಮನಿದ್ದರು. ಆಲರ್ ಮತ್ತು ಚೇಂಬರ್ಲೇನ್ ಲೆಕ್ಕ ಬೇರೆಯದನ್ನೇ ಹೇಳಿತು: ಬಿಸಿ ಅಷ್ಟೇನಿಲ್ಲ, ಕಬ್ಬಿಣ ಮತ್ತು ಕ್ಯಾಲ್ಸಿಯಮ್ಮೇ ಕಡಿಮೆ. ಇಂದಿನ ಅಳತೆಯಂತೆ ಅವುಗಳ ಕಬ್ಬಿಣ ಸೂರ್ಯನದರ ನೂರನೇ ಒಂದು ಭಾಗದ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಕ್ಷತ್ರಗಳಲ್ಲೂ ಬಡವರಿದ್ದಾರೆ ಎಂದಾಯಿತು.

ಬಡತನವೇಕೆ? 1957ರಲ್ಲಿ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ ಬರೆದ ದೀರ್ಘ ಲೇಖನ ಇದನ್ನು ವಿವರಿಸಿತು. ಭಾರದ ಧಾತುಗಳು ನಕ್ಷತ್ರಗಳ ಒಳಗೆ ಬೇಯುತ್ತವೆ, ನಕ್ಷತ್ರ ಸಿಡಿದಾಗ ಹೊರಗೆ ಚೆಲ್ಲುತ್ತವೆ, ಮುಂದಿನ ಪೀಳಿಗೆ ಅದನ್ನು ಪಿತ್ರಾರ್ಜಿತವಾಗಿ ಪಡೆಯುತ್ತದೆ. ಮೊದಲು ಹುಟ್ಟಿದವರಿಗೆ ಆಸ್ತಿ ಎಲ್ಲಿಂದ ಬರಬೇಕು?

ಆದರೆ ನಮ್ಮ ಆಕಾಶಗಂಗೆ ದೊಡ್ಡ ಸಂತೆಯಿದ್ದಂತೆ. ಸಾವಿರಾರು ಪೀಳಿಗೆಗಳ ಸರಕು ಕಲಸಿಹೋಗಿದೆ, ಯಾರದು ಯಾವುದೆಂದು ಹೇಳುವುದು ಕಷ್ಟ. ಲೆಕ್ಕ ಸಿಗಬೇಕಾದರೆ ಹಳ್ಳಿಯ ಗೂಡಂಗಡಿಗೆ ಹೋಗಬೇಕು. ಅಂಥವೇ ಕುಬ್ಜ ಗೆಲಾಕ್ಸಿಗಳು. ಸ್ಕಲ್ಪ್ಟರ್ ಮತ್ತು ಫೋರ್ನಾಕ್ಸ್ ಎಂಬೆರಡನ್ನು ಹಾರ್ಲೋ ಶಾಪ್ಲೀ 1938ರಲ್ಲೇ ವರದಿ ಮಾಡಿದ್ದರು. ಇವುಗಳಿಗಿಂತಲೂ ತೀರ ಮಸುಕಾದವು ಸಿಕ್ಕಿದ್ದು ಮಾತ್ರ 2005ರಿಂದೀಚೆಗೆ, ಕಂಪ್ಯೂಟರುಗಳು ಆಕಾಶವನ್ನು ಜರಡಿ ಹಿಡಿಯತೊಡಗಿದ ಮೇಲೆ. ಕೆಲವಂತೂ ಎಲ್ಲ ನಕ್ಷತ್ರಗಳು ಸೇರಿಯೂ ಕೆಲವು ನೂರು ಸೂರ್ಯರಷ್ಟೇ ಬೆಳಕು ಕೊಡುತ್ತವೆ. ಬಹಳ ಹಿಂದೆಯೇ ಅನಿಲ ಕಳೆದುಕೊಂಡು ಹೊಸ ನಕ್ಷತ್ರ ಹುಟ್ಟುವುದು ಅಲ್ಲಿ ನಿಂತುಹೋಯಿತು. ಹಳೆಯ ಲೆಕ್ಕ ಹಾಗೆಯೇ ಉಳಿದಿದೆ.

ಇಲ್ಲಿ ಟೆಲಿವಿಷನ್ನಿನವನ ಒಂದು ಮಾತು. ಸಿಡಿದ ನಕ್ಷತ್ರದ ಬಣ್ಣದ ಚಿತ್ರವನ್ನು ಪರದೆಯ ಮೇಲೆ ತಂದರೆ ವೀಕ್ಷಕರು ಖುಷಿಪಡುತ್ತಾರೆ. ರೋಹಿತದ ಅಂಕುಡೊಂಕು ಗೆರೆ ತಂದರೆ ಚಾನೆಲ್ ಬದಲಾಯಿಸುತ್ತಾರೆ. ನಾನು ಹೇಳುತ್ತಿರುವ ಚರಿತ್ರೆಯೆಲ್ಲ ಆ ಗೆರೆಯಲ್ಲೇ ಇದೆ, ಏನು ಮಾಡೋಣ!

ದಕ್ಷಿಣ ಆಕಾಶದ ರೆಟಿಕ್ಯುಲಮ್-2 ಎಂಬ ಕುಬ್ಜ ಗೆಲಾಕ್ಸಿ ಪತ್ತೆಯಾದದ್ದು 2015ರಲ್ಲಿ. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದೂರ. ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಲೆಕ್ಸಾಂಡರ್ ಜೀ, ಮಾರ್ಗದರ್ಶಕಿ ಅನ್ನಾ ಫ್ರೇಬೆಲ್ ಮತ್ತು ಸಂಗಡಿಗರೊಂದಿಗೆ ಚಿಲಿಯ ಮೆಜೆಲ್ಲನ್ ದೂರದರ್ಶಕದಿಂದ ಅದರ ಒಂಬತ್ತು ನಕ್ಷತ್ರಗಳನ್ನು ನೋಡಿದರು. ಕಬ್ಬಿಣದಲ್ಲಿ ಎಲ್ಲವೂ ಬಡವೇ. ಆದರೆ ಏಳರಲ್ಲಿ ಯುರೋಪಿಯಂ, ಬೇರಿಯಂನಂಥ ಭಾರದ ಧಾತುಗಳು ಇತರ ಅತಿಮಸುಕು ಗೆಲಾಕ್ಸಿಗಳಲ್ಲಿರುವುದಕ್ಕಿಂತ ನೂರರಿಂದ ಸಾವಿರ ಪಟ್ಟು ಹೆಚ್ಚು! ಚಿನ್ನ ತಯಾರಾಗುವುದೂ ಇದೇ ಕ್ರಿಯೆಯಲ್ಲಿ. ಸಾಮಾನ್ಯ ಸ್ಫೋಟಗಳೇ ಇದನ್ನು ಕೊಡುವುದಾದರೆ ಎಲ್ಲ ಕುಬ್ಜ ಗೆಲಾಕ್ಸಿಗಳಲ್ಲೂ ಸ್ವಲ್ಪ ಸ್ವಲ್ಪ ಇರಬೇಕಿತ್ತು. ಒಂದು ಮನೆಯಲ್ಲಿ ಮಾತ್ರ ಕೊಪ್ಪರಿಗೆ ಸಿಕ್ಕಿತೆಂದರೆ, ಅಲ್ಲಿ ಯಾವುದೋ ಅಪರೂಪದ ಘಟನೆ ಒಮ್ಮೆ ನಡೆದಿರಬೇಕು. 2016ರಲ್ಲಿ ಪ್ರಕಟವಾದ ಈ ತರ್ಕಕ್ಕೆ ಮರುವರ್ಷವೇ ಬಲ ಬಂತು: 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾದದ್ದು ದಾಖಲಾಯಿತು, ಅದರ ಬೆಳಕಿನಲ್ಲಿ ಭಾರದ ಧಾತುಗಳ ಕುರುಹೂ ಸಿಕ್ಕಿತು. ವಿರಳ ಬಗೆಯ ಸೂಪರ್ನೋವಾಗಳಿಗೂ ಪಾಲಿದೆಯೆಂಬ ವಾದ ಮಾತ್ರ ಇನ್ನೂ ನಿಂತಿಲ್ಲ.

ಈ ಶೋಧದಲ್ಲಿ ನಮ್ಮವರೂ ಇದ್ದಾರೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಅದರಿಂದ ಇಂಥ ಬಡ ನಕ್ಷತ್ರಗಳ ರೋಹಿತಗಳನ್ನು ಪಡೆಯುತ್ತಿದ್ದಾರೆ.

ನಿಮಗೂ ಒಂದನ್ನು ನೋಡುವ ಆಸೆಯಿದ್ದರೆ, ಆಲರ್ ಮತ್ತು ಚೇಂಬರ್ಲೇನ್ ಪರೀಕ್ಷಿಸಿದ ತುಲಾದ ನಕ್ಷತ್ರ ಇನ್ನೂರು ಜ್ಯೋತಿರ್ವರ್ಷ ದೂರದಲ್ಲಷ್ಟೇ ಇದೆ. ನಕ್ಷೆಗಳಲ್ಲಿ ಅದರ ಹೆಸರು ಎಚ್‌ಡಿ 140283. ಮೇ ಅಥವಾ ಜೂನ್ ತಿಂಗಳ ಮೋಡವಿಲ್ಲದ ರಾತ್ರಿ, ಊರಿನ ದೀಪಗಳಿಂದ ದೂರ ಹೋದರೆ ಸಾಧಾರಣ ಬೈನಾಕ್ಯುಲರಿನಲ್ಲೂ ಸಣ್ಣ ಚುಕ್ಕೆಯಾಗಿ ಕಾಣುತ್ತದೆ.